ಪೀಚ್ ಹಣ್ಣಿನ ಬುಟ್ಟಿ

ನನ್ನ ಬಾಯಿ ಎಂಥದ್ದೆಂದು ನಮ್ಮೂರು ಸಾನ್ ಲೊರೆನ್ಸೊದಲ್ಲಿ ಯಾರನ್ನು ಬೇಕಾದರೂ ಕೇಳಿ. ತೂಕದಲ್ಲಿ ಮೋಸ ಮಾಡಿದ ಹಿಟ್ಟಿನ ವ್ಯಾಪಾರಿಯನ್ನು ಊರ ಚೌಕದಲ್ಲಿ ನಿಲ್ಲಿಸಿ ನೀರಿಳಿಸಿದವಳು ನಾನು. ಪಾದ್ರಿಗಳ ಪ್ರವಚನ ಉದ್ದವಾದಾಗ "ಫಾದರ್, ಭಟ್ಟೀಲಿ ಬ್ರೆಡ್ಡು ಸೀಯ್ತಿದೆ" ಎಂದು ಹಿಂದಿನ ಬೆಂಚಿನಿಂದ ಕೂಗಿದವಳೂ ನಾನೇ. ಅಂಥ ಅಲ್ಸಿರಾ, ಅಂದರೆ ನಾನು, "ಕೆಲಸ ಬಿಡ್ತಾ ಇದ್ದೀನಿ" ಎಂಬ ಇಷ್ಟೇ ಇಷ್ಟು ಮಾತನ್ನು ನನ್ನ ಯಜಮಾನಿ ದೋನ್ಯಾ ಪೆತ್ರೋನಾ ಎದುರಿಗೆ ಹೇಳಲಾಗದೆ ಬೇಸಿಗೆಯಿಡೀ ಒದ್ದಾಡಿದೆ. ನಗಬೇಡಿ. ನೀವು ಅವರನ್ನು ನೋಡಿಲ್ಲ.

ನಮ್ಮದು ರೋಸ್ಕೆತೆ ಭಟ್ಟಿ. ಸೋಂಪು ಹಾಕಿ ನಾದಿದ ಹಿಟ್ಟನ್ನು ಬಳೆಯ ಹಾಗೆ ಸುತ್ತಿ ಸುಟ್ಟು, ಮೇಲೆ ಸಕ್ಕರೆ ಪಾಕವನ್ನೂ ಮೊಟ್ಟೆಯ ಬಿಳಿಯನ್ನೂ ಬಡಿದು ಹಚ್ಚಿದರೆ ರೋಸ್ಕೆತೆ. ಇಡೀ ತಾರಿಹಾ ಸೀಮೆಯಲ್ಲಿ ಅದಕ್ಕೆ ನಮ್ಮೂರು ಹೆಸರುವಾಸಿ, ನಮ್ಮೂರಲ್ಲಿ ದೋನ್ಯಾ ಪೆತ್ರೋನಾ ಹೆಸರುವಾಸಿ. ಹಿಟ್ಟು ನಾದುವುದು ದೆಲ್ಫಿನಾ. ಸೌದೆ ಇಡುವುದು, ಕಾವು ನೋಡುವುದು, ಪಾಕ ಬಡಿಯುವುದು, ಬಿಳಿ ಹಚ್ಚುವುದು ನಾನು. ಬೈಯುವುದು ಯಜಮಾನಿ.

ಅವರಿಗೆ ಎಪ್ಪತ್ತರ ಹತ್ತಿರ. ಗಿಡ್ಡ ದೇಹ, ಎರಡು ಜಡೆ, ಮಲಗುವಾಗಲೂ ಬಿಚ್ಚುತ್ತಾರೋ ಇಲ್ಲವೋ ಅನ್ನಿಸುವ ಏಪ್ರನ್. ನನಗೆ ನಲವತ್ತು ದಾಟಿದರೂ "ಏ ಹುಡುಗಿ" ಅಂತಲೇ ಕರೆಯುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆ ಬಾಯಿಂದ ಉದುರಿದ್ದಿಲ್ಲ. ಆದರೆ ಪ್ರತಿ ಶನಿವಾರ ಮನೆಗೆ ಹೊರಡುವಾಗ ಕಾಗದದಲ್ಲಿ ಸುತ್ತಿದ ರೋಸ್ಕೆತೆ ಪೊಟ್ಟಣವೊಂದನ್ನು ನನ್ನ ಕಂಕುಳಿಗೆ ತುರುಕುತ್ತಿದ್ದರು. ಬೇಡ ಅನ್ನುವ ಹಾಗೇ ಇಲ್ಲ. ನನಗೆ ಜ್ವರ ಬಂದು ಮಲಗಿದಾಗ ಕೋಳಿ ಸಾರು ಹೊತ್ತುಕೊಂಡು ಬಂದು, ಬಾಗಿಲಲ್ಲೇ ನಿಂತು, "ಸಾಯೋ ಹಾಗಿದ್ರೆ ಮೊದಲೇ ಹೇಳು, ಬೇರೆಯವಳನ್ನ ಹುಡುಕ್ಬೇಕು" ಎಂದು ಗದರಿ ಹೋದವರೂ ಅವರೇ. ದ್ವೇಷ ಮಾಡೋಣವೆಂದರೆ ಆ ಸಾರಿನ ನೆನಪು, ಪ್ರೀತಿ ಮಾಡೋಣವೆಂದರೆ ಆ ಬಾಯಿ. ಅಂಥವರನ್ನು ಬಿಟ್ಟು ಹೋಗುವುದು ಹೇಗೆ, ನೀವೇ ಹೇಳಿ.

ಯಾರಿಗೂ ಹೆದರದ ಆ ಹೆಂಗಸು ಹೆದರುತ್ತಿದ್ದದ್ದು ಪೀಚ್ ಹಣ್ಣಿಗೆ ಮಾತ್ರ. ಸಿಪ್ಪೆಯ ಮೇಲಿನ ಸಣ್ಣ ರೋಮ ತಗುಲಿದರೆ ಸಾಕು, ಮೈಯೆಲ್ಲ ದದ್ದು. ಹಣ್ಣಿನ ಕಾಲದಲ್ಲಿ ನಾವು ಭಟ್ಟಿಮನೆಗೆ ಕಾಲಿಡುವ ಮೊದಲು ಕೈ ತೊಳೆದು ತೋರಿಸಬೇಕು. ಒಮ್ಮೆ ದೆಲ್ಫಿನಾ ಜೇಬಿನಲ್ಲಿ ಒಂದು ಹಣ್ಣಿಟ್ಟುಕೊಂಡು ಬಂದಿದ್ದಕ್ಕೆ ಅವಳ ಮುತ್ತಾತನ ತನಕ ಹೋಗಿ ಬೈದಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಕಣಿವೆಯ ಕೆಳಗೆ ದ್ರಾಕ್ಷಿ ತೋಟದ ನಡುವೆ ಒಂದು ದೊಡ್ಡ ವೈನ್ ಮನೆ ಇದೆ. ಊಟಕ್ಕೆ ಬರುವ ಗಿರಾಕಿಗಳಿಗಾಗಿ ಅಲ್ಲಿ ಹೊಸದಾಗಿ ಭಟ್ಟಿ ಕಟ್ಟಿಸಿದ್ದರು. ಆ ಮನೆಯೊಡತಿ ಸೆನ್ಯೋರಾ ಮಿರ್ತಾ ರೋಸ್ಕೆತೆ ಕೊಳ್ಳುವ ನೆಪದಲ್ಲಿ ತಮ್ಮ ಡ್ರೈವರನ್ನು ಮತ್ತೆ ಮತ್ತೆ ನಮ್ಮಲ್ಲಿಗೆ ಕಳಿಸಿ, ಕೊನೆಗೆ ಒಂದು ಮಧ್ಯಾಹ್ನ ನನ್ನನ್ನು ಕರೆಸಿಕೊಂಡರು. ತಿಂಗಳ ಸಂಬಳ, ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಅವರದು, ಭಾನುವಾರ ರಜೆ. ಕೇಳಿ ಸಂತೋಷವೇ ಆಯಿತು. ಆದರೆ ನಾನು ಮನಸೋತಿದ್ದು ಅದಕ್ಕಲ್ಲ. ಇನ್ನೂ ಮಸಿ ಹತ್ತದ ಆ ಹೊಸ ಭಟ್ಟಿಯ ಬಾಯಿ ತೋರಿಸಿ ಆಕೆ, "ಇದರಲ್ಲಿ ಏನೇನು ಮಾಡೋಣ, ನೀವೇ ಹೇಳಿ" ಎಂದರು.

ನೀವೇ ಹೇಳಿ! ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಮ್ಮೆ ಪಾಕಕ್ಕೆ ಒಂದಿಷ್ಟು ಕಿತ್ತಳೆ ಸಿಪ್ಪೆ ತುರಿದು ಹಾಕಿದ್ದಕ್ಕೆ ನಮ್ಮ ಯಜಮಾನಿ ಇಡೀ ಪಾತ್ರೆಯನ್ನು ಕೋಳಿಗಳ ಮುಂದೆ ಸುರಿದು, "ಇಲ್ಲಿ ತಲೆ ನಂದು, ಕೈ ನಿಂದು. ತಿಳೀತಾ?" ಎಂದಿದ್ದರು. ಅವತ್ತು ವೈನ್ ಮನೆಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತಲೆಯೊಳಗೆ ಏನೇನೋ ಸುಟ್ಟೆ. ಕಿತ್ತಳೆ ಹಾಕಿದ್ದು, ವೈನ್ ಹಾಕಿದ್ದು, ಮೇಕೆ ಹಾಲಿನ ಚೀಸ್ ತುಂಬಿದ್ದು.

ಆದರೆ ಮಿರ್ತಾ ಒಂದು ಮಾತು ಸೇರಿಸಿದ್ದರು. "ಕಾರ್ನಿವಲ್ ಮುಗಿದ ಸೋಮವಾರ ಬನ್ನಿ. ದೋನ್ಯಾ ಪೆತ್ರೋನಾಗೆ ನಿಮ್ಮ ಬಾಯಿಂದಲೇ ಹೇಳಿ ಬನ್ನಿ. ಕದ್ದು ಬಂದವಳನ್ನ ನಾನು ಒಳಗೆ ಸೇರಿಸಲ್ಲ. ಇವತ್ತು ಅಲ್ಲಿಂದ ಓಡಿ ಬಂದವಳು ನಾಳೆ ಇಲ್ಲಿಂದ ಓಡ್ತಾಳೆ." ಹಬ್ಬದ ಶನಿವಾರದೊಳಗೆ ಹೇಳದಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತಾರಂತೆ.

ಹೇಳುವುದು ಸುಲಭವಾಗಿದ್ದರೆ ತೊಮಾಸಾಳೂ ಹೇಳಿ ಹೋಗುತ್ತಿದ್ದಳು. ನನಗಿಂತ ಮೊದಲು ಆ ಭಟ್ಟಿಯಲ್ಲಿದ್ದವಳು ಅವಳು, ಯಜಮಾನಿಯ ಬಲಗೈ. ಒಂದು ದಿನ ಹೇಳದೆ ಕೇಳದೆ ಹೋಗಿ ತನ್ನದೇ ಅಂಗಡಿ ಹಾಕಿಕೊಂಡಳು, ಅದೂ ನಾಲ್ಕು ಬೀದಿ ಆಚೆ. ಅವತ್ತು ಯಜಮಾನಿ ಬೀದಿಯಲ್ಲಿ ನಿಂತು ಹಾಕಿದ ಶಾಪವನ್ನು ಊರು ಇನ್ನೂ ಮರೆತಿಲ್ಲ. ಈಗಲೂ ತೊಮಾಸಾ ಎದುರಿಗೆ ಬಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಅವಳ ಗಂಡ ತೀರಿಕೊಂಡಾಗ ಊರಿಗೆ ಊರೇ ಹೋಗಿ ಮಾತಾಡಿಸಿ ಬಂತು, ನಮ್ಮ ಭಟ್ಟಿಮನೆಯ ಕಿಟಕಿ ಮಾತ್ರ ಮುಚ್ಚೇ ಇತ್ತು. ಹೇಳದಿದ್ದರೆ ಹೊಸ ಭಟ್ಟಿ ಕೈತಪ್ಪುತ್ತದೆ. ಹೇಳಿದರೆ, ದಿನ ಬೆಳಗಾದರೆ ನೋಡಿದ ಮುಖ ಗೋಡೆಯ ಕಡೆ ತಿರುಗುತ್ತದೆ. ನನಗೆ ಎರಡೂ ಬೇಕಾಗಿತ್ತು, ಅದೇ ನನ್ನ ಕಷ್ಟ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಒಂದು ಬೆಳಿಗ್ಗೆ ಮೊದಲ ತಟ್ಟೆ ಒಳಗೆ ತಳ್ಳಿ, ಧೈರ್ಯ ಮಾಡಿ ತಿರುಗಿದೆ.

"ದೋನ್ಯಾ, ನಿಮ್ಮ ಹತ್ರ ಒಂದು ಮಾತಾಡ್ಬೇಕಿತ್ತು."

"ಮೊದಲು ಭಟ್ಟಿ ಬಾಗಿಲು ಮುಚ್ಚು. ಕಾವು ಹೋಗುತ್ತೆ."

ಮುಚ್ಚಿದೆ. "ಅದೇ ದೋನ್ಯಾ, ನಾನು..."

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು. ಪಾಕ ನೋಡು ಹೋಗು, ಏ ಹುಡುಗಿ."

ಹೋಗಿ ಪಾಕ ನೋಡಿದೆ. ಹಿಟ್ಟು ನಾದುತ್ತಿದ್ದ ದೆಲ್ಫಿನಾ ಮೂಲೆಯಲ್ಲಿ ಕಿಸಿಕಿಸಿ ನಕ್ಕಳು. ಅವಳಿಗೊಬ್ಬಳಿಗೆ ನಾನು ಗುಟ್ಟು ಹೇಳಿದ್ದೆ.

"ಅಯ್ಯೋ ನಿನ್ನ! ಊರೆಲ್ಲ ನಡುಗಿಸೋ ಬಾಯಿ ಇಲ್ಲಿ ಬೆಕ್ಕು ಕಂಡ ಇಲಿ ಆಗೋಯ್ತಲ್ಲೇ" ಎಂದಳು, ಯಜಮಾನಿ ಅಂಗಳಕ್ಕೆ ಹೋದ ಮೇಲೆ.

"ನೀನು ಹೇಳು ನೋಡೋಣ, ನನ್ನ ಪರವಾಗಿ."

"ನಾನ್ಯಾಕೆ ಹೇಳ್ಲಿ? ನಂಗೆ ಇನ್ನೂ ಬದುಕೋ ಆಸೆ ಇದೆ." ಹಿಟ್ಟಿನ ಮುದ್ದೆಯನ್ನು ಮಗುಚಿ ಹಾಕಿ ಅವಳು ದನಿ ತಗ್ಗಿಸಿದಳು. "ಒಂದು ಕೆಲಸ ಮಾಡು. ಗುರುವಾರ ಹಬ್ಬ ಅಲ್ವಾ? ಆ ಮಿರ್ತಾಗೆ ಒಂದು ಬುಟ್ಟಿ ಕೊಡು. ಕೊಮಾದ್ರೆ ಆಗಿಬಿಡಿ. ಆಮೇಲೆ ನೀನು ಇಲ್ಲಿ ಹೇಳಿ ಹೋದ್ರೂ ಒಂದೇ, ಹೇಳದೆ ಹೋದ್ರೂ ಒಂದೇ. ಕೊಮಾದ್ರೇನ ಯಾರಾದ್ರೂ ಬಾಗಿಲಿಂದ ಆಚೆ ತಳ್ತಾರಾ?"

ನನಗೂ ಸರಿಯೆನ್ನಿಸಿತು. ಹೇಡಿಗೆ ಉಪಾಯ ಬೇಗ ಹಿಡಿಸುತ್ತದೆ.

ಕಾರ್ನಿವಲ್ಲಿಗೆ ಮುಂಚಿನ ಗುರುವಾರ ನಮ್ಮಲ್ಲಿ ಕೊಮಾದ್ರೆಯರ ದಿನ, ಹೆಂಗಸರದೇ ದಿನ. ಬುಟ್ಟಿಗೆ ಬಣ್ಣದ ಕಾಗದ ಸುತ್ತಿ, ಹಣ್ಣು, ಹೂವು, ಎಳೆ ಮೆಕ್ಕೆಜೋಳ, ಚೀಸ್, ತಿಂಡಿ ಗೋಪುರದಂತೆ ಪೇರಿಸಿ, ತಲೆಯ ಮೇಲಿಟ್ಟುಕೊಂಡು ಡೋಲಿನ ಹಿಂದೆ ಕುಣಿಯುತ್ತಾ ಚೌಕ ಸುತ್ತಿ, ಮನಸ್ಸಿಗೆ ಬಂದವಳ ಕೈಗೆ ಕೊಡುವುದು. ಕೊಟ್ಟವಳೂ ತಗೊಂಡವಳೂ ಅಂದಿನಿಂದ ಕೊಮಾದ್ರೆಯರು, ಒಡಹುಟ್ಟಿದವರಿಗಿಂತ ಹೆಚ್ಚು. ನಿನ್ನೆಯ ತನಕ ನೀನು, ಬಾ, ಹೋಗು ಅಂದವರೂ ಇವತ್ತಿನಿಂದ ಬಹುವಚನದಲ್ಲಿ ಮಾತಾಡಬೇಕು. ಜಗಳವಾಡುವ ಹಾಗಿಲ್ಲ, ಸುಳ್ಳು ಹೇಳುವ ಹಾಗಿಲ್ಲ. ಬುಟ್ಟಿ ತಗೊಂಡವಳು ಮುಂದಿನ ವರ್ಷ ಅದೇ ಗುರುವಾರ ಅಂಥದ್ದೇ ಬುಟ್ಟಿ ತುಂಬಿ ತಿರುಗಿ ಕೊಡಲೇಬೇಕು. ಅದನ್ನು ತಪ್ಪಿಸಿದವಳನ್ನು ನಾನಂತೂ ಕಂಡಿಲ್ಲ.

ನನ್ನ ಬುಟ್ಟಿ ಚೆನ್ನಾಗಿಯೇ ಆಯಿತು. ಮಿರ್ತಾಗೆ ಪೀಚ್ ಹಣ್ಣೆಂದರೆ ಪ್ರಾಣ ಎಂದು ಅವರ ಡ್ರೈವರ್ ಹೇಳಿದ್ದ. ಅದಕ್ಕೇ ಮೇಲೆಲ್ಲ ಕೆನ್ನೆ ಕೆಂಪಾದ ಪೀಚ್ ಜೋಡಿಸಿ, ಸಂದಿಗೆ ದ್ರಾಕ್ಷಿ ಸಿಕ್ಕಿಸಿದೆ. ಕಿವಿಯ ಹಿಂದೆ ಕಾಮಕಸ್ತೂರಿಯ ಕುಡಿ ಇಟ್ಟುಕೊಂಡು ಚೌಕಕ್ಕೆ ಹೊರಟೆ. ನಮ್ಮ ಯಜಮಾನಿಯ ಭಯ ಇರಲಿಲ್ಲ. ತೊಮಾಸಾ ಹೋದ ಮೇಲೆ ಅವರು ಆ ದಿನ ಯಾರಿಗೂ ಬುಟ್ಟಿ ಕೊಟ್ಟವರಲ್ಲ, ಯಾರಿಂದಲೂ ತಗೊಂಡವರಲ್ಲ. ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಿದ್ದರು.

ಚೌಕದಲ್ಲಿ ಕಾಲಿಡಲು ಜಾಗವಿಲ್ಲ. ಡೋಲು, ಕೊಂಬು, ಹಾಡು, ಮುಖಕ್ಕೆ ಹಿಟ್ಟು, ತಲೆಗೆ ಬಣ್ಣದ ಕಾಗದದ ಚೂರು. ದೆಲ್ಫಿನಾ ಆಗಲೇ ಒಂದೆರಡು ಲೋಟ ಏರಿಸಿ ಮೆರೆಯುತ್ತಿದ್ದಳು. ನಾನು ಒಂದು ಸುತ್ತು ಕುಣಿದೆ. ಚರ್ಚಿನ ಮೆಟ್ಟಿಲ ಹತ್ತಿರ ಮಿರ್ತಾ ಬಂದು ನಿಂತಿದ್ದು ಕಂಡಿತು. ಅತ್ತ ಹೆಜ್ಜೆ ಹಾಕಿದೆ.

ಅಷ್ಟರಲ್ಲಿ ಜನ ಬದಿಗೆ ಸರಿದರು. ಡೋಲಿನವಳ ಕೋಲು ಕೂಡ ಒಂದು ಗಳಿಗೆ ನಿಂತಿತು. ಎದುರಿಗೆ ದೋನ್ಯಾ ಪೆತ್ರೋನಾ.

ಏಪ್ರನ್ ಇರಲಿಲ್ಲ. ಮದುವೆ ಕಾಲದ್ದೋ ಏನೋ, ಹಳೇ ಮಖಮಲ್ಲಿನ ಶಾಲು ಹೊದ್ದಿದ್ದರು, ಜಡೆಗೆ ಹೂ ಮುಡಿದಿದ್ದರು. ನೆಟ್ಟಗೆ ನನ್ನ ಮುಂದೆ ಬಂದು ನಿಂತು, ಬುಟ್ಟಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಎರಡೂ ಕೈ ಚಾಚಿದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಊರೆಲ್ಲ ಸುತ್ತ ನಿಂತು ನೋಡುತ್ತಿದೆ. ವರ್ಷಗಳಿಂದ ಈ ಹಬ್ಬಕ್ಕೆ ಹೊಸ್ತಿಲು ದಾಟದವರು ಶಾಲು ಹೊದ್ದು ಬಂದು ಕೈ ಚಾಚಿದ್ದಾರೆ. "ಇದು ನಿಮಗಲ್ಲ" ಅನ್ನುವ ನಾಲಿಗೆ ಯಾವ ತಾಯಿಯ ಮಗಳಿಗಿದೆ? ನನಗಂತೂ ಇರಲಿಲ್ಲ. ತಲೆಯಿಂದ ಬುಟ್ಟಿ ಇಳಿಸಿ ಕೊಟ್ಟೆ. ಅವರು ಅದನ್ನು ಎದೆಗವಚಿಕೊಂಡರು, ಪೀಚ್ ಹಣ್ಣು ಗಲ್ಲಕ್ಕೆ ತಾಗುವ ಹಾಗೆ. ಆಗಲೇ ನನಗೆ ಅವರ ದದ್ದು ನೆನಪಾದದ್ದು. ಖುಷಿಯಲ್ಲಿ ನೋಡಿಲ್ಲವೇನೋ ಅಂದುಕೊಂಡೆ.

"ದೇವರು ನೋಡ್ತಿದ್ದಾನೆ, ಊರು ನೋಡ್ತಿದೆ. ಇವತ್ತಿಂದ ನಾವು ಕೊಮಾದ್ರೆಯರು" ಎಂದರು, ಎಲ್ಲರಿಗೂ ಕೇಳುವ ಹಾಗೆ. ಹೆಂಗಸರು ಹೋ ಎಂದು ಕೂಗಿ ನಮ್ಮಿಬ್ಬರ ತಲೆಗೂ ಹಿಟ್ಟು ಎರಚಿದರು. ದೆಲ್ಫಿನಾ ನನ್ನ ಸೊಂಟ ತಿವಿದು, "ಕೆಟ್ಟೆಯಲ್ಲೇ! ಈಗ ಹೆಂಗೆ ಬಿಡ್ತೀಯ?" ಎಂದು ಕಿವಿಯಲ್ಲಿ ಉಸುರಿದಳು.

ಅಷ್ಟು ಸಾಲದೆಂಬಂತೆ ಮಿರ್ತಾ ಜನರ ನಡುವೆ ದಾರಿ ಮಾಡಿಕೊಂಡು ಅಲ್ಲಿಗೇ ಬಂದರು.

"ಒಳ್ಳೆ ಕೊಮಾದ್ರೆ ಸಿಕ್ಕಿದ್ದಾಳೆ ನಿಮಗೆ, ದೋನ್ಯಾ ಪೆತ್ರೋನಾ" ಎಂದರು ನಗುತ್ತಾ.

"ಅದು ನಂಗೆ ಗೊತ್ತು. ನೀವೂ ಬುಟ್ಟಿ ಹುಡುಕ್ಕೊಂಡು ಇಷ್ಟು ದೂರ ಬಂದ್ರಾ?"

"ಸುಮ್ನೆ ಕುಣಿಯೋದು ನೋಡೋಣ ಅಂತ ಬಂದೆ."

"ನೋಡಿ, ನೋಡಿ. ನೋಡೋಕೇನೂ ಕಾಸು ಕೊಡ್ಬೇಕಾಗಿಲ್ಲ" ಎಂದು ಯಜಮಾನಿ ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು ಹೊರಟೇಬಿಟ್ಟರು. ಮಿರ್ತಾ ನನ್ನ ಕಡೆ ಹುಬ್ಬೇರಿಸಿ, "ಶನಿವಾರದ ತನಕ ಕಾಯ್ತೀನಿ" ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಭಟ್ಟಿಮನೆಗೆ ಹೋದರೆ ಇನ್ನೊಂದು ವಿಚಿತ್ರ. ಸೌದೆ ಆಗಲೇ ಉರಿಯುತ್ತಿತ್ತು. ಯಜಮಾನಿಯೇ ಹೊತ್ತಿಸಿದ್ದರು. ನಾನು ಪಾಕದ ಪಾತ್ರೆಗೆ ಕೈ ಹಾಕಿದರೆ ಕಸಿದುಕೊಂಡರು.

"ಬಿಡಿ ಕೊಮಾದ್ರೆ. ಕೂತ್ಕೊಳ್ಳಿ."

"ದೋನ್ಯಾ, ನೀವು ಪಾಕ ಬಡಿಯೋದಾ? ತೋಳು ಬಿದ್ದು ಹೋಗುತ್ತೆ."

"ಕೊಮಾದ್ರೇನ ಕೂರಿಸಿ ನಾನು ಬಡಿದ್ರೆ ತೋಳು ಬೀಳುತ್ತೆ. ಕೊಮಾದ್ರೆ ಕೈಲಿ ಬಡಿಸಿದ್ರೆ ಮರ್ಯಾದೆ ಬೀಳುತ್ತೆ. ಕೂತ್ಕೊಳ್ಳಿ ಅಂದ್ನಲ್ಲ."

ನನ್ನನ್ನು ಒಂದು ಮುಕ್ಕಾಲಿಯ ಮೇಲೆ ಕೂರಿಸಿ, ಬಿಸಿ ಬಿಸಿ ನೇರಳೆ ಬಣ್ಣದ ಮೆಕ್ಕೆಜೋಳದ ಗಂಜಿಯ ಲೋಟ ಕೈಗಿತ್ತರು. ಹನ್ನೊಂದು ವರ್ಷದಲ್ಲಿ ನಾನು ಆ ಮನೆಯಲ್ಲಿ ಬೆಳಗಿನ ಹೊತ್ತು ಕೂತಿದ್ದೇ ಇಲ್ಲ. ಮುಕ್ಕಾಲಿ ಮುಳ್ಳಿನ ಹಾಗೆ ಚುಚ್ಚಿತು. ಅಷ್ಟು ವಯಸ್ಸಿನ ಹೆಂಗಸು ಏದುಸಿರು ಬಿಡುತ್ತಾ ಪಾಕ ಬಡಿಯುವುದು, ನಾನು ದೊರೆಸಾನಿಯ ಹಾಗೆ ಗಂಜಿ ಕುಡಿಯುವುದು! "ನೀವು" "ಬನ್ನಿ" "ಕೂತ್ಕೊಳ್ಳಿ" ಅನ್ನುವ ಒಂದೊಂದು ಮಾತೂ ಕೆನ್ನೆಗೆ ಹೊಡೆದಂತೆ ಕೇಳಿಸುತ್ತಿತ್ತು. ಬೈದಿದ್ದರೆ ಹಾಯಾಗಿರುತ್ತಿತ್ತು.

ದೆಲ್ಫಿನಾ ಮೊದಲ ತಟ್ಟೆಯನ್ನು ಭಟ್ಟಿಯೊಳಗೆ ತಳ್ಳಿ, ತಲೆ ಬಗ್ಗಿಸಿ ಹಿಟ್ಟು ನಾದುತ್ತಿದ್ದಳು. ಹಿಂದಿನ ದಿನದ ಕುಡಿತದ ತಲೆನೋವು ಬೇರೆ ಅವಳಿಗೆ.

ಯಜಮಾನಿ ಪಾಕ ಬಡಿಯುವುದನ್ನು ನಿಲ್ಲಿಸಿ ನಿಲ್ಲಿಸಿ ತೋಳು ಕೆರೆದುಕೊಳ್ಳುತ್ತಿದ್ದರು. ಒಂದು ಸಲ ತೋಳಿನ ಬಟ್ಟೆ ಮೇಲೆ ಸರಿಯಿತು. ಮೊಣಕೈ ತನಕ ದದ್ದು, ಕೆಂಪಗೆ, ದಪ್ಪ ದಪ್ಪಗೆ. ಗಲ್ಲದ ಕೆಳಗೂ ಎದ್ದಿತ್ತು. ಇವರಿಗೆ ಬುಟ್ಟಿ ಕೊಟ್ಟು ಮೈ ಸುಟ್ಟವಳು ನಾನು, ಇವರನ್ನು ಬಿಟ್ಟು ಓಡಲು ಹೊಂಚು ಹಾಕಿದವಳು ನಾನು, ಇವರ ಕೈಯಿಂದ ಗಂಜಿ ಕುಡಿಯುತ್ತಿರುವವಳೂ ನಾನೇ. ತಡೆಯಲಾಗಲಿಲ್ಲ. ಲೋಟ ನೆಲಕ್ಕಿಟ್ಟು ಎದ್ದು ನಿಂತೆ.

"ನಾನು ಕೆಲಸ ಬಿಡ್ತಾ ಇದ್ದೀನಿ!" ಎಂದು ಕಿರುಚಿದೆ. ಕಿರುಚುವ ಅಗತ್ಯವಿರಲಿಲ್ಲ, ಅವರು ಒಂದು ಮಾರು ದೂರದಲ್ಲಿದ್ದರು. "ವೈನ್ ಮನೆಗೆ ಹೋಗ್ತಿದ್ದೀನಿ, ಮಿರ್ತಾ ಹತ್ರ. ಕಾರ್ನಿವಲ್ ಮುಗಿದ ಸೋಮವಾರದಿಂದ. ಬೈಯಿರಿ, ಶಾಪ ಹಾಕಿ, ಏನು ಬೇಕಾದ್ರೂ ಮಾಡಿ. ಇನ್ನು ನನ್ನ ಕೈಲಿ ಮುಚ್ಚಿಡೋಕಾಗಲ್ಲ."

ಗಾಬರಿಯಲ್ಲಿ ಏಳುವಾಗ ನನ್ನ ಮೊಣಕೈ ತಾಗಿ ಭಟ್ಟಿಯ ತಗಡಿನ ಬಾಗಿಲು ಪಕ್ಕಕ್ಕೆ ಸರಿದಿತ್ತು. ಯಜಮಾನಿ ಅದನ್ನೇ ನೋಡುತ್ತಿದ್ದರು.

"ಗೊತ್ತು. ಬಾಗಿಲು ಮುಚ್ಚಿ ಕೊಮಾದ್ರೆ, ಕಾವು ಹೋಗುತ್ತೆ."

ಮುಚ್ಚಿದೆ. ದೆಲ್ಫಿನಾ ಹಿಟ್ಟಿನ ಕೈಯಲ್ಲೇ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಅಂಗಳಕ್ಕೆ ಜಾರಿದಳು.

"ಗೊತ್ತಾ? ಹೇಗೆ ಗೊತ್ತು?"

"ಆ ಟೋಪಿ ಡ್ರೈವರ್ ಅಷ್ಟು ದೂರದಿಂದ ರೋಸ್ಕೆತೆ ತಿನ್ನೋಕೆ ಬರ್ತಿದ್ನಾ? ಅವನ ಬಾಯಲ್ಲಿ ಹಲ್ಲೇ ಇಲ್ಲ." ಪಾಕದ ಪಾತ್ರೆಯನ್ನು ಕೆಳಗಿಟ್ಟು ಅವರು ನನ್ನ ಮುಕ್ಕಾಲಿಯ ಮೇಲೆ ಕೂತರು. "ಬೇಸಿಗೆಯಿಡೀ ಬಾಯಿ ತೆಗೆಯೋದು, ಮುಚ್ಚೋದು, ಮೀನಿನ ಹಾಗೆ. ನನಗೇನು ಕಣ್ಣಿಲ್ವಾ?"

"ಗೊತ್ತಿದ್ದೂ ಬುಟ್ಟಿ ತಗೊಂಡ್ರಾ? ಅದು ನಿಮಗೆ ತಂದಿದ್ದಲ್ಲ ದೋನ್ಯಾ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಕೊಮಾದ್ರೆಯ ಹತ್ತಿರ ಸುಳ್ಳು ಹೇಳುವ ಹಾಗಿಲ್ಲವಲ್ಲ.

"ಪೀಚ್ ಹಾಕಿದ್ರಲ್ಲ, ನನಗೆ ಅಂತ ಯಾರು ತಂದಾರು? ಹನ್ನೊಂದು ವರ್ಷ ಕೈ ತೊಳೆದು ತೋರಿಸಿದೋರು ನೀವು." ತೋಳು ಕೆರೆದುಕೊಂಡರು. "ಅಬ್ಬಾ, ಏನು ಉರಿ! ಒಂದೆರಡು ಹಾಕಿದ್ರೆ ಸಾಕಿತ್ತು, ಇಡೀ ಮರಾನೇ ತಂದು ಪೇರಿಸಿದ್ರಿ."

"ಮತ್ಯಾಕೆ ತಗೊಂಡ್ರಿ?"

ಅವರು ಕೈಗೆ ಅಂಟಿದ್ದ ಪಾಕವನ್ನು ಏಪ್ರನ್ನಿಗೆ ಒರೆಸಿಕೊಂಡು, ನೆಲ ನೋಡುತ್ತಾ ಮಾತಾಡಿದರು.

"ತೊಮಾಸಾ ಹೋದಾಗ ನಾನು ಬೀದೀಲಿ ನಿಂತು ಏನೇನು ಅಂದೆ ಅಂತ ಊರೆಲ್ಲ ಹೇಳುತ್ತೆ. ನಾನೇನು ಬೇಕು ಅಂತ ಅಂದ್ನಾ? ಹೋಗಬೇಡ ಅನ್ನೋಕೆ ಹೋದೆ. ಬಾಯಿ ತೆಗೆದ್ರೆ ಶಾಪ ಬಂತು. ನನ್ನ ಬಾಯಿಗೆ ಬೇರೆ ಏನೂ ಬರಲ್ಲ. ಅವಳ ಗಂಡ ಸತ್ತಾಗ ಕಿಟಕಿ ಹಿಂದೆ ನಿಂತು ಅತ್ತೆ. ಹೋಗೋ ಮುಖ ಇರಲಿಲ್ಲ. ನಾಲ್ಕು ಬೀದಿ ಅಷ್ಟೇ ಕೊಮಾದ್ರೆ. ನಾಲ್ಕು ಬೀದಿ ದಾಟೋಕೆ ಆಗಲಿಲ್ಲ ನನಗೆ."

ನಾನು ಅವರ ಮುಂದೆ ನೆಲದ ಮೇಲೆ ಕುಕ್ಕರಿಸಿದೆ.

"ನೀವೂ ಹೋಗ್ತೀರಿ ಅಂತ ಗೊತ್ತಾದಾಗ, ನನ್ನ ಬಾಯಿ ಮತ್ತೆ ಅದೇ ಕೆಲಸ ಮಾಡುತ್ತೆ ಅನ್ನಿಸ್ತು. ಬೀದೀಲಿ ನಿಂತು ಶಾಪ ಹಾಕ್ತೀನಿ, ಆಮೇಲೆ ಗೋಡೆ ನೋಡ್ಕೊಂಡು ನಡೀತೀನಿ. ಇನ್ನೆಷ್ಟು ಗೋಡೆ ನೋಡ್ಲಿ? ಅದಕ್ಕೆ ನೀವು ಹೇಳೋಕೆ ಬಂದಾಗೆಲ್ಲ ಬಾಯಿ ಮುಚ್ಚಿಸಿದೆ. ಕೆಲಸದವಳು ಹೋದ್ರೆ ಹೋದಳು. ಕೊಮಾದ್ರೆ ಹೋದ್ರೆ ಎಲ್ಲಿಗೆ ಹೋಗ್ತಾಳೆ? ಮುಂದಿನ ವರ್ಷ ಗುರುವಾರ ನಾನು ಬುಟ್ಟಿ ಕೊಡ್ಬೇಕು, 'ಬೇಡ' ಅನ್ನೋ ಹಾಗಿಲ್ಲ. ನಾನು ಸಾಯೋ ತನಕ ವರ್ಷಕ್ಕೊಂದು ಸಲನಾದ್ರೂ ನೀವು ನನ್ನ ಮುಖ ನೋಡ್ಲೇಬೇಕು." ತೋಳನ್ನು ಮುಂದೆ ಚಾಚಿ ದದ್ದು ತೋರಿಸಿದರು. "ಇಷ್ಟಕ್ಕೆ ಸಿಕ್ತು. ಅಗ್ಗಾನೇ ಆಯ್ತು."

ನನಗೆ ಅಳು ಬಂತು. ಬರಲಿ ಬಿಡು ಎಂದು ಅತ್ತೆ. ಎದ್ದು, ಒಳಗಿನಿಂದ ತಣ್ಣೀರೂ ಕೊಬ್ಬೂ ತಂದು ಅವರ ತೋಳಿಗೆ ಹಚ್ಚಿದೆ.

"ಅಲ್ಲಿ ಪಾಕಕ್ಕೆ ಕಿತ್ತಳೆ ಹಾಕ್ತೀರೇನೋ" ಎಂದರು, ತೋಳು ಒಡ್ಡಿಕೊಂಡೇ.

"ಹಾಕ್ತೀನಿ."

"ಹಾಳಾಗ್ಲಿ, ಹಾಕ್ಕೊಳ್ಳಿ. ಅವತ್ತು ಕೋಳಿಗಳು ಚೆನ್ನಾಗೇ ತಿಂದವು." ಆಮೇಲೆ ಏನೋ ನೆನಪಾದವರಂತೆ ತಲೆ ಎತ್ತಿದರು. "ನೋಡಿ, ಒಂದು ವಿಷಯ ಕೇಳ್ಬೇಕು. ನನಗೆ ಏನು ಆಗಲ್ಲ, ಏನು ಆಗುತ್ತೆ, ಎಲ್ಲ ನಿಮಗೆ ಗೊತ್ತು. ರಾತ್ರಿಯೆಲ್ಲ ತೋಳು ಕೆರಕೊಂಡು ಯೋಚನೆ ಮಾಡಿದೆ, ಮುಂದಿನ ವರ್ಷ ಬುಟ್ಟಿಗೆ ಏನು ಹಾಕೋದು ಅಂತ. ನಿಮಗೆ ಏನಿಷ್ಟ, ನನಗೆ ಗೊತ್ತಿಲ್ಲ. ಹನ್ನೊಂದು ವರ್ಷ ಒಂದೇ ಬೆಂಕಿ ಮುಂದೆ ನಿಂತ್ವಿ, ಒಂದು ದಿನ ಕೇಳ್ಲಿಲ್ಲ." ಅವರು ನನ್ನ ಕಡೆ ಬಾಗಿದರು. "ಈಗ ಹೇಳಿ. ಏನು ತಿಂತೀರಿ, ಏನು ತಿನ್ನಲ್ಲ? ತಿನ್ನದೇ ಇರೋದನ್ನ ಹಾಕಿಬಿಟ್ಟೇನು."

ಕೊಮಾದ್ರೆಗೆ ಸುಳ್ಳು ಹೇಳುವ ಹಾಗಿಲ್ಲ. ಮೂಗು ಒರೆಸಿಕೊಂಡೆ.

"ರೋಸ್ಕೆತೆ ತಿನ್ನಲ್ಲ" ಎಂದೆ.

"ಏನು?"

"ರೋಸ್ಕೆತೆ. ಸೋಂಪಿನ ವಾಸನೆ ನನಗೆ ಆಗಲ್ಲ. ಸೇರಿದ ದಿನದಿಂದ ಆಗಲ್ಲ."

ಅವರು ನನ್ನನ್ನೇ ನೋಡಿದರು. ಗೋಡೆಯ ಹಲಗೆ ಮೇಲಿದ್ದ ರೋಸ್ಕೆತೆ ತಟ್ಟೆಗಳನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಮತ್ತೆ ಶನಿವಾರ ಶನಿವಾರ ಕೊಟ್ಟ ಆ ಪೊಟ್ಟಣ ಎಲ್ಲ?"

"ಪಕ್ಕದ ಮನೆ ಹಂದಿಗೆ ಹಾಕಿದೆ."

"ಹನ್ನೊಂದು ವರ್ಷ?"

"ಹನ್ನೊಂದು ವರ್ಷ. ಮೊದಲನೇ ಹಂದಿ ಹೋಯ್ತು. ಈಗಿರೋದು ಅದರ ಮೊಮ್ಮಗಳು."

ಈಗ ಬಿತ್ತು ಶಾಪ ಎಂದು ನಾನು ಕಣ್ಣು ಮುಚ್ಚಿದೆ. ಬಿದ್ದದ್ದು ನಗು. ಮೊದಲು ಹೊಟ್ಟೆಯೊಳಗೆ ಗುಡುಗಿ, ಆಮೇಲೆ ಹೆಗಲು ಕುಣಿದು, ಕೊನೆಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರ ನಗು ಹೇಗಿರುತ್ತದೆಂದು ನನಗೆ ಆವತ್ತೇ ಗೊತ್ತಾಗಿದ್ದು. ನಾನೂ ನಗಲು ಶುರು ಮಾಡಿದೆ. ಏನಾಯಿತೋ ಎಂದು ದೆಲ್ಫಿನಾ ಅಂಗಳದಿಂದ ಇಣುಕಿದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆವು. ಒಳಗೆ ಒಂದು ತಟ್ಟೆ ಸೀದು ವಾಸನೆ ಬರುತ್ತಿತ್ತು.

"ಭಟ್ಟಿ ನೋಡ್ರೇ!" ಎಂದು ಕೂಗಿದಳು ಅವಳು.

ಯಾರೂ ಏಳಲಿಲ್ಲ. ಯಜಮಾನಿ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡು, ನನ್ನ ಕೈ ಬಿಡದೆ ಕೇಳಿದರು.

"ಸರಿ, ರೋಸ್ಕೆತೆ ಬೇಡ. ಇನ್ನೇನು ಹಾಕ್ಲಿ? ನೀವೇ ಹೇಳಿ."